ತಂಪಿನಲ್ಲಿ ಊಟ, ತೆರಿಗೆ ಪ್ರತ್ಯೇಕ

ಬೆಂಗಳೂರಿನಲ್ಲಿ ಊಟದ ಮೇಜನ್ನು ಛಾವಣಿಯ ಅಡಿಯಿಂದ ನಾಲ್ಕು ಹೆಜ್ಜೆ ಹೊರಗೆಳೆದರೆ ಅದಕ್ಕೆ ‘ಅಲ್ ಫ್ರೆಸ್ಕೊ’ ಎಂಬ ನಾಮಕರಣವಾಗುತ್ತದೆ. ಹೆಸರು ಇಟಲಿಯದಾದ ಮೇಲೆ ಬೆಲೆ ಮಾತ್ರ ಊರಿನದಾಗಿ ಉಳಿಯುವುದು ನ್ಯಾಯವಲ್ಲವೆಂದು ಅದೂ ಮೇಲೇರುತ್ತದೆ. ಬಸ್ಸಿನ ಹೊಗೆ, ಸೊಳ್ಳೆ, ಅಗೆದ ರಸ್ತೆಯ ದೂಳು ಇವೆಲ್ಲವೂ ಆ ಬೆಲೆಯಲ್ಲೇ ಸೇರಿರುತ್ತವೆ.

ಇಟಾಲಿಯನ್ ಭಾಷೆಯಲ್ಲಿ ‘ಫ್ರೆಸ್ಕೊ’ ಎಂದರೆ ತಂಪು, ತಾಜಾ. ಹಸಿ ಗಾರೆಯ ಮೇಲೆ ಬರೆಯುವ ಭಿತ್ತಿಚಿತ್ರಕ್ಕೂ ಹೆಸರು ಬಂದಿರುವುದು ಇದರಿಂದಲೇ. 18ನೆಯ ಶತಮಾನದಲ್ಲಿ ಇಂಗ್ಲಿಷರು ‘ತಂಪಿನಲ್ಲಿ’ ಎಂಬ ಈ ಮಾತನ್ನು ಎರವಲು ತಂದು ಬಯಲೂಟಕ್ಕೆ ಅಂಟಿಸಿಕೊಂಡರು. ಇಟಲಿಯವರಾದರೋ ಹೊರಗೆ ಕುಳಿತು ಉಣ್ಣುವುದಕ್ಕೆ ಸಾಮಾನ್ಯವಾಗಿ ‘ಅಲ್ಲಪೆರ್ತೊ’ ಎನ್ನುತ್ತಾರೆ. ಒಬ್ಬನನ್ನು ‘ಅಲ್ ಫ್ರೆಸ್ಕೊ’ ಇರಿಸಿದ್ದಾರೆಂದರೆ ಅವರ ಆಡುಮಾತಿನಲ್ಲಿ ಅವನನ್ನು ಜೈಲಿಗೆ ಹಾಕಿದ್ದಾರೆಂದು ಅರ್ಥ. ನಮ್ಮಲ್ಲಿ ‘ಮುದ್ದೆ ಮುರಿಯಲು ಹೋಗಿದ್ದಾನೆ’ ಎನ್ನುವಂತೆಯೇ ಇದು. ರೋಮ್ ನಗರದ ಶ್ರೀಮಂತರು ಇಸ್ತ್ರಿ ಮಾಡಿದ ಉಡುಪು ತೊಟ್ಟು, ‘ಮುದ್ದೆ ಮುರಿಯುವ ವಿಭಾಗದಲ್ಲಿ ಇಬ್ಬರಿಗೆ ಮೇಜು ಬೇಕಿತ್ತು’ ಎಂದು ಮುಂಗಡ ಕಾಯ್ದಿರಿಸುತ್ತಿರುವ ದೃಶ್ಯವನ್ನು ಓದುಗರು ಊಹಿಸಿಕೊಳ್ಳಬಹುದು.

ಹಾಗೆಂದು ನಮ್ಮ ಹೋಟೆಲಿನವರನ್ನು ಅರ್ಥ ಅರಿಯದವರೆಂದು ಜರೆಯಲಾಗದು. ಸುತ್ತಲೂ ಕಬ್ಬಿಣದ ಕಂಬಿ, ಬಾಗಿಲಲ್ಲಿ ಸಮವಸ್ತ್ರದ ಕಾವಲುಗಾರ, ಒಳಹೋಗುವಾಗ ಹೆಸರು ಮತ್ತು ಮೊಬೈಲ್ ಸಂಖ್ಯೆಯ ದಾಖಲಾತಿ, ಹಣ ಕಟ್ಟುವವರೆಗೆ ಬಿಡುಗಡೆಯಿಲ್ಲ. ಮೂಲಾರ್ಥಕ್ಕೆ ಇಷ್ಟು ನಿಷ್ಠೆ ತೋರಿದವರನ್ನು ನಿಘಂಟುಕಾರರಲ್ಲಿಯೂ ಕಾಣುವುದು ಕಷ್ಟ. ತಂಪು ಎಂಬ ಇನ್ನೊಂದು ಅರ್ಥಕ್ಕೂ ಮೋಸವಾಗಬಾರದೆಂದು ಬಯಲಿಗೇ ಫ್ಯಾನು ಹಾಕಿ, ನೀರಿನ ತುಂತುರು ಎರಚುವ ಯಂತ್ರವನ್ನೂ ನಿಲ್ಲಿಸಿದ್ದಾರೆ.

ಬಯಲಿನ ಊಟ ನಮಗೆ ಹೊಸತಾಗಿದ್ದರೆ ಈ ಸಂಭ್ರಮವನ್ನು ಕ್ಷಮಿಸಬಹುದಿತ್ತು. ಕಾರ್ತಿಕದಲ್ಲಿ ನೆಲ್ಲಿಮರದ ಕೆಳಗೆ ವನಭೋಜನವಿದೆ, ಬೆಳದಿಂಗಳೂಟವಿದೆ. ಎಳ್ಳಮಾವಾಸ್ಯೆಯ ದಿನ ಉತ್ತರ ಕರ್ನಾಟಕದ ರೈತ ಕುಟುಂಬಗಳು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ದಾರಿಹೋಕರನ್ನೂ ಕೂರಿಸಿಕೊಂಡು ಉಣ್ಣುತ್ತವೆ. ಬೀಸುವ ಗಾಳಿಗೆ ಸೇವಾಶುಲ್ಕ ವಿಧಿಸಬಹುದೆಂಬ ಯೋಚನೆ ಅವರಿಗೆ ಬಾರದೇ ಹೋದುದನ್ನು ಕೃಷಿ ಕ್ಷೇತ್ರದ ಹಿನ್ನಡೆಗಳ ಪಟ್ಟಿಗೆ ಸೇರಿಸಬೇಕು.

ಇನ್ನು ಕನ್ನಡದ ಪ್ರಶ್ನೆ. 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು. ‘ಅಲ್ ಫ್ರೆಸ್ಕೊ ಡೈನಿಂಗ್ ಎಕ್ಸ್‌ಪೀರಿಯೆನ್ಸ್’ ಎಂದು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಿದರೆ ಲಿಪಿಗೂ ತೃಪ್ತಿ, ಅಳತೆಪಟ್ಟಿಗೂ ತೃಪ್ತಿ. ಅದೇ ಬೀದಿಯಲ್ಲಿ ‘ತಟ್ಟೆ ಇಡ್ಲಿ’ ಎಂದು ಬರೆದ ಗಾಡಿಯ ಮುಂದೆ ಜನ ಅದೇ ಗಾಳಿಯಲ್ಲಿ, ಅದೇ ಹೊಗೆಯಲ್ಲಿ ನಿಂತು ತಿನ್ನುತ್ತಾರೆ. ಆದರೆ ಆ ಊಟಕ್ಕೆ ಇಟಾಲಿಯನ್ ಹೆಸರಿಲ್ಲದ ಕಾರಣ ಅದು ಪಾದಚಾರಿ ಮಾರ್ಗದ ಒತ್ತುವರಿ ಎನಿಸಿಕೊಳ್ಳುತ್ತದೆ. ಬೀದಿ ವ್ಯಾಪಾರಿಗಳ ರಕ್ಷಣೆಗೆಂದು 2014ರಲ್ಲಿ ಕಾಯ್ದೆಯೇನೋ ಬಂದಿದೆ. ತೆರವಿಗೆ ಬಂದ ಲಾರಿಗೆ ಗಾಡಿಯನ್ನು ಎತ್ತಿಹಾಕುವಾಗ ಅದನ್ನು ಓದಿ ಹೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ. ಗಾಡಿ ಹೋದ ಮೇಲೆ ತೆರವಾದ ಜಾಗದಲ್ಲಿ ಎರಡು ಮೇಜುಗಳನ್ನು ಆರಾಮವಾಗಿ ಹಾಕಬಹುದು.