ಕಣ್ಣಿಡಬೇಕಾದ್ದು ಕೂಡಿಕೆಯ ಮೇಜಿನ ಮೇಲೆ

ಈಗಷ್ಟೇ ಟಿವಿಯಲ್ಲಿ ಒಂದು ಚರ್ಚೆ ಮುಗಿಯಿತು. ಸತ್ತವರ ಹೆಸರಲ್ಲಿ ಓಟು, ಹಣ ಹಂಚಿಕೆ, ಪಟ್ಟಿಯಿಂದ ಹೆಸರು ತೆಗೆಯುವುದು, ಎಣಿಕೆಯ ಮೋಸ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಒಂದು ಗಂಟೆ ಕೂಗಾಡಿದರು. ಸಿಟ್ಟು ಇನ್ನೂ ಇಳಿದಿಲ್ಲ.

ಬೇರೆಯವರ ಹೆಸರಲ್ಲಿ ಸಾವಿರ ಓಟು ಹಾಕಿಸಬೇಕೆಂದರೆ ಸಾವಿರ ಸಲ ಸಾಲಿನಲ್ಲಿ ನಿಲ್ಲಿಸಬೇಕು, ಸಾವಿರ ಸಲ ಮತಗಟ್ಟೆಯಲ್ಲಿ ಕೂತ ಪಕ್ಷಗಳ ಏಜೆಂಟರ ಕಣ್ಣು ತಪ್ಪಿಸಬೇಕು. ನಿಜವಾದ ಮತದಾರ ಮಧ್ಯಾಹ್ನ ಬಂದುಬಿಟ್ಟರೆ ಗುಟ್ಟು ರಟ್ಟು. ಅಷ್ಟೂ ಜನ ಬಾಯಿ ಬಿಡದೆ ಇರಬೇಕು ಬೇರೆ.

ಆದರೆ ಬಿದ್ದ ಓಟುಗಳನ್ನು ಎಣಿಸಿ ಒಟ್ಟು ಬರೆಯುವ ಕೂಡಿಕೆಯ ಹಾಳೆಯಲ್ಲಿ ಮೋಸ ಮಾಡಲು ಒಂದು ಪೆನ್ನು ಸಾಕು. 1948ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ಮುಂದೆ ಆ ದೇಶದ ಅಧ್ಯಕ್ಷರಾದ ಲಿಂಡನ್ ಜಾನ್ಸನ್ ತಮ್ಮ ಪಕ್ಷದೊಳಗಿನ ಚುನಾವಣೆಯಲ್ಲಿ ಸೆನೆಟ್ ಟಿಕೆಟ್ ಗೆದ್ದದ್ದು 87 ಓಟಿನಿಂದ. ಮತದಾನ ಮುಗಿದು ದಿನಗಳಾದ ಮೇಲೆ ಆಲಿಸ್ ಎಂಬ ಊರಿನ 13ನೇ ಪೆಟ್ಟಿಗೆಯಲ್ಲಿ ಅವರಿಗೆ ಸುಮಾರು 200 ಓಟು ಹೆಚ್ಚಾಯಿತು. 765 ಇದ್ದದ್ದು 965 ಆಗಿತ್ತು, 7ಕ್ಕೆ ಒಂದು ಸುತ್ತು ಎಳೆದು 9 ಮಾಡಿದ್ದರು ಎಂದು ಹಾಳೆ ನೋಡಿದವರು ಹೇಳಿದರು. ಹೊಸದಾಗಿ ಸೇರಿದ ಹೆಸರುಗಳೆಲ್ಲ ಒಂದೇ ಶಾಯಿ, ಒಂದೇ ಕೈಬರಹ, ಅದೂ ಅಕ್ಷರಮಾಲೆಯ ಕ್ರಮದಲ್ಲಿ! ಆಫ್ರಿಕಾದ ಮಲಾವಿ ದೇಶದಲ್ಲಿ 2019ರ ಫಲಿತಾಂಶದ ಹಾಳೆಗಳ ಮೇಲೆ ವೈಟ್‌ನರ್ ಬಳಿದಿದ್ದರು. 2020ರ ಫೆಬ್ರವರಿಯಲ್ಲಿ ನ್ಯಾಯಾಲಯ ಆ ಅಧ್ಯಕ್ಷೀಯ ಚುನಾವಣೆಯನ್ನೇ ರದ್ದು ಮಾಡಿತು. ಚಂಡೀಗಢ ಮೇಯರ್ ಚುನಾವಣೆಯಲ್ಲಿ, 2024ರ ಜನವರಿಯಲ್ಲಿ, ಚುನಾವಣಾಧಿಕಾರಿಯೇ 8 ಮತಪತ್ರಗಳ ಮೇಲೆ ಗೀಟು ಹಾಕಿ ಅಸಿಂಧು ಮಾಡಿದರು. ಕ್ಯಾಮೆರಾ ಇತ್ತು, ಸಿಕ್ಕಿಬಿದ್ದರು. ಸುಪ್ರೀಂ ಕೋರ್ಟ್ ಆ ಎಂಟನ್ನೂ ಲೆಕ್ಕಕ್ಕೆ ಹಿಡಿದಾಗ 12 ಇದ್ದದ್ದು 20 ಆಗಿ, ಸೋತವರು ಗೆದ್ದರು.

ಅಂಚೆ ಮತದ ಮೋಸ ಕಳ್ಳ ಓಟು, ಕೂಡಿಕೆಯ ಮೋಸ ಇವೆರಡರ ನಡುವಿನದು. ಅಲ್ಲಿ ಮತಗಟ್ಟೆಯೂ ಇಲ್ಲ, ಏಜೆಂಟರೂ ಇಲ್ಲ. ಮನೆ ಬಾಗಿಲಿಗೆ ಬಂದು ಲಕೋಟೆ ಒಯ್ದವರು ಒಳಗೆ ಏನು ಮಾಡಿದರೋ ಯಾರು ಕಂಡರು? 2018ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ 9ನೇ ಕ್ಷೇತ್ರದಲ್ಲಿ 905 ಓಟಿನ ಗೆಲುವು ಇದೇ ಕಾರಣಕ್ಕೆ ಬಿದ್ದುಹೋಗಿ ಮರುಚುನಾವಣೆ ನಡೆಯಿತು.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ಮಾತ್ರ ಪಟ್ಟಿಯಿಂದ ಹೆಸರು ಹಾರಿಸುವ ಮೋಸ. ಅದರಲ್ಲಿ ನಕಲಿ ಓಟೇ ಇರುವುದಿಲ್ಲ, ಹಿಡಿಯುವುದೇನನ್ನು? ಹೆಸರು ಹೋದವರಿಗೆ ಅದು ತಿಳಿಯುವುದು ಮತದಾನದ ದಿನ ಮೇಜಿನ ಮುಂದೆ ನಿಂತಾಗ. ಅಷ್ಟರಲ್ಲಿ ಆಕ್ಷೇಪಣೆಯ ಗಡುವು ಮುಗಿದಿರುತ್ತದೆ.

'ಹಾಗಾದರೆ ಕಳ್ಳ ಓಟು ಹಾಕಿದರೂ ಪರವಾಗಿಲ್ಲವಾ' ಎಂದು ಕೇಳುವವರಿದ್ದಾರೆ. ಹತ್ತಿಪ್ಪತ್ತು ಓಟಿನಲ್ಲಿ ತೀರ್ಮಾನವಾಗುವ ಸಣ್ಣ ಚುನಾವಣೆಯಲ್ಲಿ ಅದು ಫಲಿತಾಂಶವನ್ನೇ ತಿರುಗಿಸಬಹುದು, ಒಪ್ಪುತ್ತೇನೆ. ಆದರೆ ಗುರುತಿನ ಚೀಟಿಯನ್ನು ಎಷ್ಟು ಬಿಗಿಮಾಡಿದರೂ ಕೂಡುವ ಮೇಜಿನ ಮೋಸಕ್ಕೆ ಅದು ತಾಗುವುದೇ ಇಲ್ಲ.

ಅಲ್ಲಿಗೆ ಬೇಕಾದದ್ದು ಬೇರೆ. ಮತಗಟ್ಟೆ ಮುಚ್ಚುವಾಗಲೇ ರಿಜಿಸ್ಟರಿನಲ್ಲಿ ಸಹಿ ಹಾಕಿದವರೆಷ್ಟು, ಬಿದ್ದ ಓಟೆಷ್ಟು ಎಂದು ತಾಳೆ ನೋಡಿ, ಅಂಕಿಯನ್ನು ಅಕ್ಷರದಲ್ಲೂ ಬರೆಸಿ, ಸಹಿ ಇರುವ ಪ್ರತಿಯನ್ನು ಪ್ರತಿ ಏಜೆಂಟರ ಕೈಗೂ ಕೊಡಬೇಕು. ಆ ಪ್ರತಿ ಕೈಯಲ್ಲಿಲ್ಲದಿದ್ದರೆ ಕೂಡುವ ಮೇಜಿನಲ್ಲಿ ಅಂಕಿ ಬದಲಾದಾಗ ತೋರಿಸಲು ಏನೂ ಇರುವುದಿಲ್ಲ. ಒಂದು ಗಂಟೆಯ ಚರ್ಚೆಯಲ್ಲಿ ಒಬ್ಬರಾದರೂ ಆ ಪ್ರತಿಯ ಮಾತೆತ್ತಲಿಲ್ಲ.