ರೂಟಪ್ಪನ ದರ್ಬಾರು

ಯಾವ ಡೇಟಾ ಸೆಂಟರಿನ ಲಾಗ್ ತೆಗೆದು ನೋಡಿದರೂ ಅಲ್ಲಿ ದುಡಿಯುವ ಆಸಾಮಿ ಒಬ್ಬನೇ: ರೂಟಪ್ಪ, ಅಂದರೆ ಎಲ್ಲ ಅಧಿಕಾರವಿರುವ 'ರೂಟ್' ಎಂಬ ಖಾತೆ. ಬೆಳಗಿನ ಜಾವ 3ಕ್ಕೆ ವಿಎಂ (ಸರ್ವರಿನೊಳಗೆ ನಡೆಯುವ ಕಲ್ಪಿತ ಕಂಪ್ಯೂಟರ್) ಅಳಿಸಿದವನು ರೂಟಪ್ಪ, 9ಕ್ಕೆ ಅದೆಲ್ಲಿ ಹೋಯಿತೆಂದು ಹುಡುಕಿದವನೂ ರೂಟಪ್ಪ. ಒಂದೇ ಹೊತ್ತಿಗೆ ಮೂರು ಕಂಪ್ಯೂಟರುಗಳಿಂದ ಒಳಗೆ ಬಂದು ಒಂದು ಕೈಯಲ್ಲಿ ಆನ್ ಮಾಡುತ್ತಾನೆ, ಇನ್ನೊಂದರಲ್ಲಿ ಆಫ್ ಮಾಡುತ್ತಾನೆ. ಸಂಬಳ ಎಣಿಸುವ ಅಡ್ಮಿನ್‌ಗಳು ಆರು ಮಂದಿ. ಅವರಲ್ಲಿ ಯಾರೂ ಏನೂ ಮಾಡಿದ ದಾಖಲೆಯಿಲ್ಲ. ಆಡಿಟರ್ ಬಂದು "ಯಾರ್ರೀ ಮಾಡಿದ್ದು?" ಎಂದರೆ ಆರೂ ಬೆರಳು ರೂಟಪ್ಪನ ಕಡೆಗೆ. ಮೆಮೊ ಕೊಡೋಣವೆಂದರೆ ಅವನಿಗೆ ಕುರ್ಚಿಯೇ ಇಲ್ಲ.

ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ, ಗುಣಾಕಾರವೂ ಕಾರಣ. ಇಎಸ್‌ಎಕ್ಸ್‌ಐ ಎಂದರೆ ಒಂದೇ ಸರ್ವರಿನಲ್ಲಿ ಹಲವು ವಿಎಂ ನಡೆಸುವ ತಂತ್ರಾಂಶ, ಅದು ಕೂತ ಸರ್ವರೇ ಹೋಸ್ಟ್. ಒಂದು ಹೋಸ್ಟ್‌ನಲ್ಲಿ ತೆರೆದ ಖಾತೆ ಆ ಹೋಸ್ಟ್‌ಗೆ ಮಾತ್ರ ಗೊತ್ತು, ಪಕ್ಕದ ಹೋಸ್ಟ್‌ಗೆ ಅದರ ಪರಿಚಯವಿಲ್ಲ. 40 ಹೋಸ್ಟ್, 6 ಜನ, ಒಟ್ಟು 240 ಖಾತೆ. ಹಟ ಹಿಡಿದು ಮ್ಯಾನೇಜ್, ಸೆಕ್ಯುರಿಟಿ ಅಂಡ್ ಯೂಸರ್ಸ್, ಆಡ್ ಯೂಸರ್ ಎಂದು ಒತ್ತುತ್ತ ಹೋದವರೂ ಆಕ್ಷನ್ಸ್ ಮೆನುವಿನ ಪರ್ಮಿಷನ್ಸ್‌ನಲ್ಲಿ ರೋಲ್, ಅಂದರೆ ಏನೇನು ಮಾಡಬಹುದೆಂಬ ಹಕ್ಕು, ಕೊಡುವುದನ್ನು ಮರೆಯುತ್ತಾರೆ. ರೇಷನ್ ಕಾರ್ಡಿನಲ್ಲಿ ಹೆಸರಿದೆ, ಅಕ್ಕಿ ಸಿಗುವುದಿಲ್ಲ. ಮೂರನೇ ಹೋಸ್ಟ್‌ಗೆ ಬರುವಷ್ಟರಲ್ಲಿ "ರೂಟ್ ಇದೆಯಲ್ಲ ಮಾರಾಯ" ಎಂಬ ಜ್ಞಾನೋದಯ.

ಇನ್ನು ಪಾಸ್‌ವರ್ಡಿನ ಮಡಿ. ಕನಿಷ್ಠ 7 ಅಕ್ಷರ ಬೇಕು. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಈ ನಾಲ್ಕರಲ್ಲಿ ಮೂರು ಬಗೆ ಇರಬೇಕು. ಇಷ್ಟಕ್ಕೇ ಮುಗಿಯುವುದಿಲ್ಲ. ಮೊದಲಲ್ಲೇ ಕೂತ ದೊಡ್ಡಕ್ಷರವನ್ನೂ ಕೊನೆಯಲ್ಲಿ ಕೂತ ಅಂಕಿಯನ್ನೂ ಈ ಯಂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮವರ ಪಾಸ್‌ವರ್ಡ್‌ಗಳೋ, ಊರ ಹೆಸರು, ಮೊದಲಕ್ಷರ ದೊಡ್ಡದು, ಬಾಲಕ್ಕೊಂದು 1. ತಲೆ ಮತ್ತು ಬಾಲ ಕತ್ತರಿಸಿದರೆ ಉಳಿಯುವುದು ಬರೀ ಸಣ್ಣಕ್ಷರ. ಯಂತ್ರ ಬೇಡವೆನ್ನುತ್ತದೆ, ಅಡ್ಮಿನ್ "ಏಳಕ್ಷರ ಇದೆಯಲ್ಲ" ಎಂದು ಅದನ್ನೇ ಮತ್ತೆ ಜೋರಾಗಿ ಟೈಪ್ ಮಾಡುತ್ತಾನೆ. ಅಂಕಿಯನ್ನೂ ದೊಡ್ಡಕ್ಷರವನ್ನೂ ನಡುವೆ ತೂರಿಸಿದರೆ ಆಯಿತು, ಅಷ್ಟೇ ಗುಟ್ಟು. ಹಾಗೆ ತೂರಿಸಿದ್ದು ನೆನಪಿರುವುದಿಲ್ಲವೆಂದು ಸರ್ವರಿನ ಹಣೆಗೇ ಚೀಟಿ ಅಂಟುತ್ತದೆ, ಅದು ಬೇರೆ ಮಾತು.

ಇಷ್ಟು ಮಡಿಯಲ್ಲಿ ಹುಟ್ಟಿದ ಪಾಸ್‌ವರ್ಡಿಗೆ ಆಯುಸ್ಸೆಷ್ಟು? ಯಾರೂ ಬದಲಿಸದಿದ್ದರೆ 99999 ದಿನ, ಅಂದರೆ ಸುಮಾರು 274 ವರ್ಷ. ಹೈದರಾಲಿ ಮೈಸೂರಿನ ಅಧಿಕಾರ ಹಿಡಿಯುವ ಮೊದಲು ಇಟ್ಟ ಪಾಸ್‌ವರ್ಡ್ ಈಗ ಬದಲಿಸುವ ಹೊತ್ತಿಗೆ ಬರುತ್ತಿತ್ತು. ಅದೇ ಹೋಸ್ಟ್‌ನೊಳಗೆ ಎಲ್ಲ ಹೋಸ್ಟ್‌ಗಳನ್ನೂ ಒಂದೆಡೆಯಿಂದ ಆಳುವ ವಿಸೆಂಟರ್ ತನಗಾಗಿ ಇಟ್ಟುಕೊಂಡ ವಿಪಿಎಕ್ಸ್‌ಯೂಸರ್ ಎಂಬ ಖಾತೆಯಿದೆ. ಅದರ ಪಾಸ್‌ವರ್ಡ್ ಯಾರೂ ಹೇಳದೆಯೇ 30 ದಿನಕ್ಕೊಮ್ಮೆ ಬದಲಾಗುತ್ತದೆ. ಮನುಷ್ಯರ ಕಣ್ಣಿಗೇ ಬೀಳದ ಪಾಸ್‌ವರ್ಡಿಗೆ ತಿಂಗಳಿಗೊಮ್ಮೆ ಎಣ್ಣೆಸ್ನಾನ, ಆರು ಜನರ ಬಾಯಲ್ಲಿರುವುದಕ್ಕೆ ಮೂರು ಶತಮಾನದ ಕೊಳೆ.

ಯಾರಾದರೂ ಪುಣ್ಯಾತ್ಮರು ರೂಟ್ ಪಾಸ್‌ವರ್ಡನ್ನು ಬದಲಿಸಿದರೆನ್ನಿ. ನಿಮಿಷಕ್ಕೊಮ್ಮೆ ಆರೋಗ್ಯ ವಿಚಾರಿಸುವ ಮಾನಿಟರಿಂಗ್ ಸಾಫ್ಟ್‌ವೇರಿಗೆ ಸುದ್ದಿ ಮುಟ್ಟಿರುವುದಿಲ್ಲ. ಅದು ಹಳೆಯ ಪಾಸ್‌ವರ್ಡ್ ಹಿಡಿದು ಕದ ಬಡಿಯುತ್ತಲೇ ಇರುತ್ತದೆ. 5 ಸಲ ತಪ್ಪಿದರೆ ಖಾತೆಗೆ 900 ಸೆಕೆಂಡ್ ಬೀಗ. ಹದಿನೈದು ನಿಮಿಷ ಕಳೆದು ಬೀಗ ತೆರೆಯುತ್ತಿದ್ದಂತೆ ಮತ್ತೆ ಐದು ಬಡಿತ, ಮತ್ತೆ ಬೀಗ. ಸರಿಯಾದ ಪಾಸ್‌ವರ್ಡ್ ಹಿಡಿದವನು ಹೊರಗೆ ನಿಂತು "ಹ್ಯಾಕ್ ಆಗಿದೆ" ಎಂದು ಮೇಲಿನವರಿಗೆ ಮೇಲ್ ಕಳಿಸುತ್ತಾನೆ. ಈ ಬೀಗ ದೂರದಿಂದ ಕಮಾಂಡ್ ಕೊಡುವ ಎಸ್‌ಎಸ್‌ಎಚ್‌ಗೆ ಮತ್ತು ನೆಟ್‌ವರ್ಕಿನಿಂದ ಬೇರೆ ಸಾಫ್ಟ್‌ವೇರುಗಳು ಬರುವ ಎಪಿಐ ಲಾಗಿನ್‌ಗೆ ಮಾತ್ರ. ಸರ್ವರಿನ ಮುಂದೆ ಕೂತು ಕನ್ಸೋಲಿನಲ್ಲಿ ಟೈಪ್ ಮಾಡುವವನಿಗೆ ಇಲ್ಲ. ಮೊದಲು ಮಾನಿಟರಿಂಗ್ ನಿಲ್ಲಿಸಿ, ಅದಕ್ಕೆ ರೀಡ್ ಓನ್ಲಿ ರೋಲಿನ ಬೇರೆ ಖಾತೆ ಕೊಟ್ಟು, ಆಮೇಲೆ ರೂಟ್ ಮುಟ್ಟಿದ್ದರೆ ಈ ನಾಟಕವೇ ಇರುತ್ತಿರಲಿಲ್ಲ.

ಎಸ್‌ಎಸ್‌ಎಚ್ ತೆರೆದಿಟ್ಟರೆ ಹೋಸ್ಟ್ ಹಳದಿ ತ್ರಿಕೋನ ತೋರಿಸಿ ಎಚ್ಚರಿಸುತ್ತದೆ. ಅದಕ್ಕೂ ಮದ್ದಿದೆ: ಸಪ್ರೆಸ್‌ಶೆಲ್‌ವಾರ್ನಿಂಗ್ ಎಂಬ ಸೆಟ್ಟಿಂಗನ್ನು 1 ಮಾಡಿದರೆ ತ್ರಿಕೋನ ಮಾಯ, ಬಾಗಿಲು ಮಾತ್ರ ಹಾಗೇ ತೆರೆದಿರುತ್ತದೆ. ನಾಯಿ ಬೊಗಳಿದರೆ ನಾಯಿಯ ಬಾಯಿ ಕಟ್ಟುವ ಪದ್ಧತಿ.

ಇಷ್ಟೆಲ್ಲ ಬೀಗಗಳ ನಡುವೆ ಹಿತ್ತಿಲ ಕಡೆ ಏನಿತ್ತು ಗೊತ್ತೆ? ಹೋಸ್ಟ್ ಅನ್ನು ಆಕ್ಟಿವ್ ಡೈರೆಕ್ಟರಿ ಡೊಮೇನಿಗೆ, ಅಂದರೆ ಕಚೇರಿಯ ಖಾತೆಗಳನ್ನೆಲ್ಲ ಒಂದೆಡೆ ಇಡುವ ಮೈಕ್ರೋಸಾಫ್ಟ್ ವ್ಯವಸ್ಥೆಗೆ, ಸೇರಿಸಿದರೆ, ಆ ಡೊಮೇನಿನಲ್ಲಿ 'ಇಎಸ್‌ಎಕ್ಸ್ ಅಡ್ಮಿನ್ಸ್' ಎಂಬ ಗುಂಪಿನಲ್ಲಿರುವವರಿಗೆಲ್ಲ ತಾನಾಗಿ ಪೂರ್ಣ ಅಧಿಕಾರ ಸಿಗುತ್ತಿತ್ತು. ಆ ಗುಂಪು ಡೊಮೇನಿನಲ್ಲಿ ಮೊದಲಿನಿಂದ ಇರುವಂಥದ್ದೂ ಅಲ್ಲ. ಹೋಸ್ಟ್ ನೋಡುತ್ತಿದ್ದುದು ಗುಂಪಿನ ಗುರುತಿನ ಸಂಖ್ಯೆಯನ್ನಲ್ಲ, ಬರೀ ಹೆಸರನ್ನು. ಹಾಗಾಗಿ ಡೊಮೇನಿನಲ್ಲಿ ಗುಂಪು ತೆರೆಯುವಷ್ಟು ಹಕ್ಕು ಕದ್ದವನು ಆ ಹೆಸರಿನ ಗುಂಪೊಂದನ್ನು ತೆರೆದು ತನ್ನನ್ನು ಸೇರಿಸಿಕೊಂಡರೆ ಮುಗಿಯಿತು. ಇರುವ ಗುಂಪಿಗೇ ಆ ಹೆಸರಿಟ್ಟರೂ ನಡೆಯುತ್ತಿತ್ತು. ಮನೆ ಮುಂದೆ 'ಪಂಚಾಯಿತಿ ಅಧ್ಯಕ್ಷರು' ಎಂದು ಬೋರ್ಡು ಬರೆಸಿ ತಗುಲಿಸಿಕೊಂಡವನ ಕೈಗೆ ಪಿಡಿಒ ಬಂದು ಸೀಲು, ಚೆಕ್‌ಬುಕ್ಕು ಒಪ್ಪಿಸಿ ಹೋದ ಹಾಗೆ. ನಾವು ಚಾಪೆ ಕೆಳಗೆ ತೂರುವವರಿಗೆ ಬಲೆ ಹೆಣೆಯುತ್ತಿದ್ದರೆ ಅವರು ರಂಗೋಲಿ ಕೆಳಗೆ ತೂರಿದ್ದರು.

2024ರ ಜುಲೈನಲ್ಲಿ ಮೈಕ್ರೋಸಾಫ್ಟ್ ಇದನ್ನು ಬಯಲು ಮಾಡಿದಾಗ ಫೈಲುಗಳಿಗೆ ಬೀಗ ಜಡಿದು ಹಣ ಕೇಳುವ ರ‍್ಯಾನ್ಸಮ್‌ವೇರ್ ಗ್ಯಾಂಗುಗಳು ಆಗಲೇ ಈ ದಾರಿಯಲ್ಲಿ ಓಡಾಡುತ್ತಿದ್ದವು. ದೋಷದ ಸಂಖ್ಯೆ ಸಿವಿಇ 2024-37085. ಇಎಸ್‌ಎಕ್ಸ್‌ಐಯ ಒಡೆಯ ಬ್ರಾಡ್‌ಕಾಮ್ ಕೊಟ್ಟ ತೀವ್ರತೆ 10ಕ್ಕೆ 6.8, ದರ್ಜೆ 'ಮಧ್ಯಮ'. ಊರಿನ ಖಜಾನೆಯ ಕೀಲಿ ಹೋದರೆ ಮಧ್ಯಮ. ಕೋಟೆ ಗೋಡೆಯೂ ಹೋದರೆ ಪ್ರಾಯಶಃ ತೀವ್ರ. ಇಎಸ್‌ಎಕ್ಸ್‌ಐ 8.0 ಅಪ್‌ಡೇಟ್ 3ರಲ್ಲಿ ತೇಪೆ ಬಂತು, 7.0ಕ್ಕೆ ತೇಪೆಯ ಯೋಜನೆಯಿಲ್ಲ ಎಂದರು. ಅಂಥವರು ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ ಇಎಸ್‌ಎಕ್ಸ್‌ಅಡ್ಮಿನ್ಸ್‌ಗ್ರೂಪ್‌ಆಟೋಆಡ್ ಎಂಬುದನ್ನು ಫಾಲ್ಸ್ ಮಾಡಿ, ಗುಂಪಿನ ಹೆಸರಿರುವ ಜಾಗವನ್ನು ಖಾಲಿ ಬಿಡಬೇಕು. ಪ್ರತಿ ಹೋಸ್ಟ್‌ನಲ್ಲೂ. ಮತ್ತೆ ಅದೇ 40ರ ಮಗ್ಗಿ.

ಸರಿಯಾದ ದಾರಿ ಇಲ್ಲವೆಂದೇನಲ್ಲ. ಹೆಸರು ಹೆಸರಿನ ಖಾತೆಗಳಿಗೆ ವಿಸೆಂಟರ್ ಮಟ್ಟದಲ್ಲೇ ರೋಲ್ ಕೊಡಿ. 240 ಖಾತೆ ಆರಕ್ಕಿಳಿಯುತ್ತದೆ. ಹೋಸ್ಟ್‌ಗಳಿಗೆ ನೇರ ಲಾಗಿನ್ ತಡೆಯುವ ನಾರ್ಮಲ್ ಲಾಕ್‌ಡೌನ್ ಹಾಕಿದರೆ ಕೆಲಸವೆಲ್ಲ ವಿಸೆಂಟರ್ ಮೂಲಕವೇ ನಡೆಯುತ್ತದೆ. ಶೌರ್ಯ ತೋರಿಸಲು ಸ್ಟ್ರಿಕ್ಟ್ ಲಾಕ್‌ಡೌನ್ ಹಾಕಬೇಡಿ. ಆಗ ಕನ್ಸೋಲ್ ಕೂಡ ನಿಂತಿರುತ್ತದೆ. ಎಸ್‌ಎಸ್‌ಎಚ್, ಶೆಲ್ ಮುಚ್ಚಿದ್ದು, ವಿಸೆಂಟರ್ ಸಂಪರ್ಕವೂ ಕಡಿದರೆ ಇಎಸ್‌ಎಕ್ಸ್‌ಐಯನ್ನು ಮೊದಲಿನಿಂದ ಇನ್‌ಸ್ಟಾಲ್ ಮಾಡುವುದೇ ಗತಿ. ಪಾಸ್‌ವರ್ಡ್‌ಗಳ ಎಕ್ಸೆಲ್ ಫೈಲನ್ನು ಅದೇ ಹೋಸ್ಟ್‌ನ ವಿಎಂ ಒಂದರಲ್ಲಿ ಇಡಬೇಡಿ. ಹೋಸ್ಟ್ ಮಲಗಿದ ದಿನ ಬೀಗದ ಕೈ ಬೀಗದೊಳಗೇ ಇರುತ್ತದೆ. ಡೊಮೇನಿನ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್‌ಗಳನ್ನೆಲ್ಲ ಅದರ ಮೇಲೇ ಹೇರಿದವರಿಗೂ ಇದೇ ಮಾತು.

ರೂಟ್ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿ, ತಿಜೋರಿಯಲ್ಲಿಡಿ ಎನ್ನುತ್ತಾರೆ ಬಲ್ಲವರು. ಎಷ್ಟೋ ಕಡೆ ಇಟ್ಟಿದ್ದಾರೆ ಕೂಡ. ಆಡಿಟರ್ ಬಂದಾಗ ಹೊರತೆಗೆದು ತೋರಿಸುತ್ತಾರೆ, ಮುದ್ರೆ ಒಡೆದಿರುವುದಿಲ್ಲ. ಪದೇ ಪದೇ ಒಡೆಯುವ ತಾಪತ್ರಯ ಬೇಡವೆಂದು ಪಾಸ್‌ವರ್ಡನ್ನು ಲಕೋಟೆಯ ಬೆನ್ನಿಗೇ ಬರೆದಿರುತ್ತಾರೆ.