ಸಾವ್ಕಾರ್ರ ಅಳಿಯ ಮತ್ತು ನಮ್ಮ ಸರ್ವರ್

ರಾಯಚೂರಿನಲ್ಲೂ ಸಾಫ್ಟ್‌ವೇರ್ ಆಫೀಸು ಇದೆ ಅಂದರೆ ಬೆಂಗಳೂರಿನವರು ನಗುತ್ತಾರೆ. ನಗಲಿ ಬಿಡಿ. ಗಂಜ್‌ನ, ಅಂದರೆ ಕೃಷಿ ಮಾರುಕಟ್ಟೆಯ, ದಲ್ಲಾಲಿ ಅಂಗಡಿಗಳಿಗೆ, ಹತ್ತಿ ಜಿನ್ನಿಂಗ್ ಮಿಲ್ಲುಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟು ನಮ್ಮ ಹೊಟ್ಟೆ ನಡೆಯುತ್ತಿದೆ. ಆ ಕೋಡೆಲ್ಲ ಇರುವುದು ನಮ್ಮದೇ ಗಿಟ್‌ಲ್ಯಾಬ್ ಸರ್ವರ್‌ನಲ್ಲಿ. ಗಿಟ್‌ಲ್ಯಾಬ್ ಅಂದರೆ ಕೋಡನ್ನೂ ಅದರ ಪ್ರತಿ ಬದಲಾವಣೆಯನ್ನೂ ಜೋಪಾನವಾಗಿ ಇಡುವ ಸಾಫ್ಟ್‌ವೇರ್. ಸರ್ವರ್ ಅಂದ ಕೂಡಲೇ ಎ.ಸಿ. ರೂಮು, ಮಿಣಮಿಣ ನೀಲಿ ದೀಪ ಅಂದುಕೊಳ್ಳಬೇಡಿ. ರದ್ದಿ ಪೇಪರ್ ಕಟ್ಟುಗಳ ಪಕ್ಕದಲ್ಲಿ, ಟೇಬಲ್ ಫ್ಯಾನಿಗೆ ಮುಖ ಕೊಟ್ಟು ಕೂತಿರುವ ಹಳೇ ಡೆಸ್ಕ್‌ಟಾಪ್ ಅದು.

ದುಡ್ಡು ಕೊಟ್ಟು ಇಂಟರ್‌ನೆಟ್ಟಿನಲ್ಲೇ ಇಡಬಹುದಲ್ವಾ ಅಂತ ಕೇಳಿದರೆ ನಮ್ಮ ಸಾವ್ಕಾರ್ರಿಗೆ ಸಿಟ್ಟು ಬರುತ್ತದೆ. ನಮ್ಮ ಬಂಗಾರ ನಮ್ಮ ತಿಜೋರಿಯಲ್ಲೇ ಇರಬೇಕು ಅನ್ನುವವರು ಅವರು. ಹಟ್ಟಿ ಚಿನ್ನದ ಗಣಿ ಇರುವ ಜಿಲ್ಲೆಯವರಿಗೆ ಈ ಮಾತಿನ ಮೇಲೆ ಹಕ್ಕಿದೆ, ನಾನೇನು ಹೇಳಲಿ.

ತಿಜೋರಿ ಮಾತ್ರ ಹಳೆಯದಾಗಿತ್ತು. ವರ್ಷನ್ 14.0. ಗಿಟ್‌ಲ್ಯಾಬ್‌ನವರು ತಿಂಗಳಿಗೊಂದು ಹೊಸ ವರ್ಷನ್ ಬಿಡುತ್ತಾರೆ. ಸೆಕ್ಯುರಿಟಿ ತೂತು ಮುಚ್ಚುವುದು ಈಗಿನದಕ್ಕೆ ಮತ್ತು ಹಿಂದಿನ ಎರಡಕ್ಕೆ, ಅಷ್ಟೇ. ನಾವಿದ್ದದ್ದು ಅದಕ್ಕೂ ಎಷ್ಟೋ ಹಿಂದೆ. ಹೊಸ ವರ್ಷನ್‌ಗೆ ಏರಿಸಬೇಕು ಅಂತ ಸಾವ್ಕಾರ್ರಿಗೆ ಹೇಳಿದೆ.

“ಈಗ ಕೆಟ್ಟೈತೇನು?”

“ಇಲ್ಲ ಸಾವ್ಕಾರ್ರೆ, ನಡೀತಾ ಇದೆ.”

“ಮತ್ತ ಯಾಕ ಕೈ ಹಾಕ್ತಿ?”

ಈ ಪ್ರಶ್ನೆಗೆ ಕಂಪ್ಯೂಟರ್ ಲೋಕದಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ. ಅದಕ್ಕೇ ನಾನು 2017ರ ಕಥೆ ತೆಗೆದೆ. ಆ ವರ್ಷ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ಒಂದು ಸರ್ವರ್ ಅಂದುಕೊಂಡು ಇನ್ನೊಂದರ ಡೇಟಾಬೇಸ್ ಅಳಿಸಿಬಿಟ್ಟರು. ಸುಮಾರು 300 ಜಿ.ಬಿ. ಬ್ಯಾಕಪ್ ಹುಡುಕಿದರೆ ಒಂದೊಂದೂ ಕೈಕೊಟ್ಟಿತ್ತು. ಕೊನೆಗೆ ಆರು ತಾಸಿನ ಹಳೇ ಪ್ರತಿಯೊಂದು ಸಿಕ್ಕಿತು. ರಿಪೇರಿ ಕೆಲಸವನ್ನು ಯೂಟ್ಯೂಬಿನಲ್ಲಿ ಲೈವ್ ತೋರಿಸಿದರು. “ಅವರಿಗೇ ಹಿಂಗಾದರೆ ನಮ್ಮ ಗತಿ ಏನು” ಅನ್ನುವುದು ನನ್ನ ವಾದ. ಸಾವ್ಕಾರ್ರು ಪೂರ್ತಿ ಕೇಳಿ, “ಲೈವ್ ತೋರ್ಸಿದ್ರಾ? ಧೈರ್ಯ ಮೆಚ್ಬೇಕಪಾ” ಅಂದರು. ಆಮೇಲೆ ಯಾಕೋ ಒಪ್ಪಿದರು. ಶನಿವಾರ ರಾತ್ರಿ, ಗಂಜ್ ಮುಚ್ಚಿದ ಮೇಲೆ ಮಾಡು ಅಂತ ಅಪ್ಪಣೆಯಾಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಗಿಟ್‌ಲ್ಯಾಬಿನಲ್ಲಿ 14ರಿಂದ 16ಕ್ಕೆ ಸೀದಾ ಹಾರಲು ಬಿಡುವುದಿಲ್ಲ. ಗಂಗಾವತಿಗೆ ಹೊರಟ ಆರ್ಡಿನರಿ ಬಸ್ಸು ಮಾನ್ವಿ, ಸಿಂಧನೂರು, ಕಾರಟಗಿ ಅಂತ ನಿಂತು ನಿಂತೇ ಹೋಗುತ್ತದಲ್ಲ, ಹಾಗೆ. 14.3, 14.9, 14.10, 15.0, 15.4, 15.11, 16.3, 16.7, ಆಮೇಲೆ 16.11. ಪ್ರತಿ ನಿಲ್ದಾಣದಲ್ಲೂ ಡೇಟಾಬೇಸಿನ ಒಳಗೆ ಹಳೇ ದಾಖಲೆಗಳನ್ನು ಹೊಸ ರೂಪಕ್ಕೆ ತಿದ್ದುವ ಕೆಲಸ ಹಿಂದೆ ಹಿಂದೆ ನಡೆಯುತ್ತಿರುತ್ತದೆ. ಅದು ಮುಗಿಯುವವರೆಗೆ ಮುಂದಿನದಕ್ಕೆ ಕಾಲಿಡುವ ಹಾಗಿಲ್ಲ. ಅವಸರ ಮಾಡಿದರೆ ಇನ್‌ಸ್ಟಾಲರೇ ಬೈದು ವಾಪಸ್ ಕಳಿಸುತ್ತದೆ.

ಬ್ಯಾಕಪ್ ತೆಗೆದೆ. ಗಿಟ್‌ಲ್ಯಾಬಿನ ಬ್ಯಾಕಪ್ ಕಮಾಂಡಿಗೆ ಒಂದು ವಿಚಿತ್ರ ಗುಣ. ಕೋಡು, ಡೇಟಾಬೇಸು ಎಲ್ಲ ಕಟ್ಟಿ ಕೊಡುತ್ತದೆ, ಸೀಕ್ರೆಟ್ಸ್ ಫೈಲ್ ಮಾತ್ರ ಕೊಡುವುದಿಲ್ಲ. ಅದಿಲ್ಲದಿದ್ದರೆ ಡೇಟಾಬೇಸಿನಲ್ಲಿ ಬೀಗ ಹಾಕಿಟ್ಟ ಗುಟ್ಟುಗಳನ್ನು ಯಾರೂ ಓದಲಾರರು. ಅದನ್ನೂ ಪೆನ್‌ಡ್ರೈವಿಗೆ ಹಾಕಿ ಜೇಬಿಗಿಟ್ಟುಕೊಂಡು, ಮಂಡಾಳ ಒಗ್ಗರಣೆ, ಮಿರ್ಚಿ ಪೊಟ್ಟಣ ಬಿಚ್ಚಿ ಕೂತೆ.

15.0ರವರೆಗೆ ಸುಖ ಪ್ರಯಾಣ. ಪ್ರತಿ ಸಲ ಎದ್ದಾಗಲೂ ಸ್ವಲ್ಪ ಹೊತ್ತು 502 ಅಂತ, ಅಂದರೆ ಒಳಗಿನ ಪ್ರೋಗ್ರಾಮ್ ಇನ್ನೂ ಉತ್ತರ ಕೊಡುತ್ತಿಲ್ಲ ಅಂತ, ತೋರಿಸುತ್ತದೆ. ಹೆದರಬಾರದು, ಅದು ಮುಖ ತೊಳೆಯುತ್ತಿದೆ ಅಂತ ಸುಮ್ಮನಿರಬೇಕು. ನಮ್ಮ ಜೂನಿಯರ್ ಹುಡುಗ ಮಾತ್ರ ಮನೆಯಿಂದಲೇ ಲಾಗಿನ್ ಮಾಡಿ ನೋಡಿ, ಪ್ರತಿ 502ಕ್ಕೂ ನನಗೆ ಫೋನ್ ಮಾಡಿ “ಸರ್, ಹೋಯ್ತಾ?” ಅಂತ ಕೇಳುತ್ತಿದ್ದ. ಸತ್ತ ಮನೆಗೆ ಫೋನ್ ಮಾಡುವವರ ದನಿ.

15.4ರ ತಿದ್ದುವ ಕೆಲಸ ಅರ್ಧ ದಾಟಿತ್ತು. ಕರೆಂಟ್ ಹೋಯಿತು.

ರಾಯಚೂರಿನವರಿಗೆ ಇದೇನು ಹೊಸದಲ್ಲ. ಪಕ್ಕದ ಶಕ್ತಿನಗರದಲ್ಲಿ 1720 ಮೆಗಾವಾಟಿನ ಸ್ಥಾವರ ಹೊಗೆ ಬಿಡುತ್ತಿರುತ್ತದೆ, ನಾವು ಇಲ್ಲಿ ಮೇಣದಬತ್ತಿ ಹುಡುಕುತ್ತಿರುತ್ತೇವೆ. ಇನ್ವರ್ಟರ್ ಇದೆಯಲ್ಲ ಅಂತ ನಾನು ಧೈರ್ಯವಾಗೇ ಇದ್ದೆ. ಅದು ಒಂದು ಸಲ ಕುಂಯ್ ಅಂತು. ಫ್ಯಾನ್ ನಿಂತಿತು, ಸರ್ವರ್ ನಿಂತಿತು, ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಇನ್ವರ್ಟರ್ ಕೆಳಗೆ ಬ್ಯಾಟರಿಯೇ ಇಲ್ಲ! ಎರಡು ವೈರು ಮಾತ್ರ ಬಾಯಿ ಬಿಟ್ಟುಕೊಂಡು ಬಿದ್ದಿವೆ.

“ತಾತಾ, ಬ್ಯಾಟರಿ ಎಲ್ಲಿ?” ಅಂತ ವಾಚ್‌ಮನ್ ತಾತನನ್ನು ಕೂಗಿದೆ.

“ಸಂಜಿಕೇ ಸಾವ್ಕಾರ್ರ ಮನಿಗೆ ಹೋತ್ರಿ. ಅಳಿಯರು ಬಂದಾರ. ಮನ್ಯಾಗಿನ ಬ್ಯಾಟರಿ ಕೆಟ್ಟೈತಂತ. ಅವರಿಗೆ ಸೆಕಿ ತಡಿಯಂಗಿಲ್ಲಂತ್ರಿ.”

ಮೇ ತಿಂಗಳಲ್ಲಿ ರಾಯಚೂರಿಗೆ ಬರುವ ಅಳಿಯನಿಗೆ ಒಂದು ಬ್ಯಾಟರಿ ಕೊಡುವುದು ನ್ಯಾಯವೇ. ನಮ್ಮ ಡೇಟಾಬೇಸಿಗೂ ಅದೇ ರಾತ್ರಿ ಬೇಕಾಗಿತ್ತು ಅನ್ನುವುದು ಬೇರೆ ಮಾತು.

ಕತ್ತಲಲ್ಲಿ ಸೊಳ್ಳೆ ಹೊಡೆಯುತ್ತಾ ಕೂತಾಗ ಗಿಟ್‌ಲ್ಯಾಬ್ ಹುಟ್ಟಿದ ಕಥೆ ನೆನಪಾಯಿತು. 2011ರಲ್ಲಿ ಉಕ್ರೇನಿನ ದ್ಮಿತ್ರಿ ಜಪೊರೊಜೆತ್ಸ್ ಅನ್ನುವವರು ಇದನ್ನು ಶುರು ಮಾಡಿದ್ದು. ಆಗ ಅವರ ಮನೆಗೆ ನಲ್ಲಿ ನೀರಿರಲಿಲ್ಲ, ಊರ ಬಾವಿಯಿಂದ ಹೊತ್ತು ತರಬೇಕಿತ್ತು. ಆದರೂ ನೀರಿಗಿಂತ ಕೋಡ್ ಇಡಲು ಒಳ್ಳೇ ಜಾಗ ಇಲ್ಲದ್ದೇ ದೊಡ್ಡ ಕಷ್ಟ ಅನಿಸಿತಂತೆ. ಒಂದು ಕಡೆ ಕೃಷ್ಣಾ, ಇನ್ನೊಂದು ಕಡೆ ತುಂಗಭದ್ರಾ ಇಟ್ಟುಕೊಂಡು ನಲ್ಲಿ ಮುಂದೆ ಕೊಡ ಸಾಲು ಹಚ್ಚುವ ನಮ್ಮೂರಲ್ಲಿ ಈ ಮಾತು ಯಾರ ಮುಂದೆಯೂ ಹೇಳಬೇಡಿ. ಹೊಡೀತಾರೆ.

ಕರೆಂಟ್ ಬಂತು. ಗಿಟ್‌ಲ್ಯಾಬ್ ತನ್ನ ದಾಖಲೆ ಇಡುವ ಪೋಸ್ಟ್‌ಗ್ರೆಸ್ ಡೇಟಾಬೇಸು ಪುಣ್ಯಾತ್ಮ. ಏನು ಮಾಡುವುದಿದ್ದರೂ ಮೊದಲು ಲಾಗ್ ಅನ್ನುವ ದಿನಚರಿಯಲ್ಲಿ ಬರೆದಿಟ್ಟೇ ಮಾಡುತ್ತದೆ. ಎದ್ದು, ಆ ಲಾಗ್ ಓದಿ, ಬಿಟ್ಟಲ್ಲಿಂದ ಕೆಲಸ ಹಿಡಿಯಿತು. 15.11ಕ್ಕೆ ಬಂದೆವು.

16ಕ್ಕೆ ಹೋಗಲು ಪೋಸ್ಟ್‌ಗ್ರೆಸ್ 13 ಬೇಕು. ಅದರ ಅಪ್‌ಗ್ರೇಡ್ ಹಳೇ ಡೇಟಾಬೇಸನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದನ್ನು ಕಟ್ಟುತ್ತದೆ. ಅಂದರೆ ಅಷ್ಟೇ ಜಾಗ ಇನ್ನೊಮ್ಮೆ ಬೇಕು. ಡಿಸ್ಕ್ ನೋಡಿದರೆ ತುಂಬಿ ತುಳುಕುತ್ತಿದೆ. ನಮ್ಮ ಬಿಲ್ಲಿಂಗ್ ಕೋಡು ಅಷ್ಟೊಂದು ಎಲ್ಲಿಂದ ಬಂತು? ಹುಡುಕಿದೆ. ಸಾವ್ಕಾರ್ರ ದೊಡ್ಡ ಮಗಳ ಮದುವೆ ವಿಡಿಯೋ. ಡ್ರೋನ್ ಬೇರೆ, ಸ್ಟೇಜ್ ಕ್ಯಾಮೆರಾ ಬೇರೆ, ಊಟದ ಪಂಕ್ತಿ ಬೇರೆ. ಜೊತೆಗೆ “ಅರಿಶಿನ ಫೈನಲ್”, “ಅರಿಶಿನ ಫೈನಲ್ ಹೊಸದು”, “ಅರಿಶಿನ ಫೈನಲ್ ಕರೆಕ್ಟ್”, “ಅರಿಶಿನ ಇದೇ ಫೈನಲ್”. ಫೈಲಿಗೆ ಹೀಗೆ ಹೆಸರಿಡುವ ಗೋಳು ತಪ್ಪಲಿ ಅಂತಲೇ ಪ್ರಪಂಚಕ್ಕೆ ವರ್ಷನ್ ಕಂಟ್ರೋಲ್ ಬಂದದ್ದು. ಹಾಗೆ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನುವ ಸಾಫ್ಟ್‌ವೇರನ್ನು 2005ರಲ್ಲಿ ಲಿನಕ್ಸ್ ಖ್ಯಾತಿಯ ಲೈನಸ್ ಟೊರ್ವಾಲ್ಡ್ಸ್ ಬರೆದರು, ಅದನ್ನೇ ಇಟ್ಟುಕೊಂಡ ಸರ್ವರಿನ ಹೊಟ್ಟೆಯೊಳಗೇ ಈ ಅರಿಶಿನ ಕೂತಿತ್ತು.

ನಡುರಾತ್ರಿ ಫೋನ್ ಮಾಡಿದೆ.

“ಸಾವ್ಕಾರ್ರೆ, ಮದುವೆ ವಿಡಿಯೋ ಸ್ವಲ್ಪ ಬೇರೆ ಕಡೆ ಸರಿಸಲಾ?”

“ಏಯ್! ಅದನ್ನ ಮುಟ್ಟಬ್ಯಾಡ!” ಆಮೇಲೆ ದನಿ ತಗ್ಗಿಸಿ, “ಅಳಿಯರು ಇಲ್ಲೇ ಮಲಗ್ಯಾರ, ತಡಿ.” ಗುಸುಗುಸು ಕೇಳಿಸಿತು. “ಅವರು ಬೆಂಗಳೂರಾಗ ಇದೇ ಕೆಲಸ ಮಾಡೋದು. ಐದು ನಿಮಿಷದ ಕೆಲಸ ಅಂತಾರ ನೋಡು.”

ನನ್ನ ಬ್ಯಾಟರಿಯ ಗಾಳಿ ಕುಡಿದು ಮಲಗಿದವರು ಹೇಳಿದ ಮಾತು. ತಾತ ಹೋಗಿ ಜೂನಿಯರ್ ಹುಡುಗನ ಮನೆಯಿಂದ ಅವನ ಸಿನಿಮಾ ತುಂಬಿದ ಹಾರ್ಡ್ ಡಿಸ್ಕ್ ತಂದ. ಹುಡುಗ ಕಣ್ಣೀರಿಟ್ಟು ಒಂದಿಷ್ಟು ಸಿನಿಮಾ ಅಳಿಸಿದ. ಅಳಿಯರು ತಾಳಿ ಕಟ್ಟುವ ದೃಶ್ಯ ಅಲ್ಲಿಗೆ ಹೋಗಿ ಕೂತಿತು. ಆಮೇಲೆ ಉಳಿದ ನಿಲ್ದಾಣಗಳಲ್ಲಿ ಹೇಳುವಂಥದ್ದೇನೂ ಆಗಲಿಲ್ಲ. 16.11 ಬಂದಾಗ ಗಂಜಿನಲ್ಲಿ ಹಮಾಲರ ಚಹಾ ಶುರುವಾಗಿತ್ತು.

ಸೋಮವಾರ ಸಾವ್ಕಾರ್ರು ಹೊಸ ಸರ್ವರ್ ನೋಡಲು ಬಂದರು. ತುಂಬಾ ಹೊತ್ತು ನೋಡಿದರು.

“ಏನ್ ಬದಲಾಗೈತಿ?”

“ಒಳಗೆಲ್ಲ ಹೊಸದು ಸಾವ್ಕಾರ್ರೆ.”

“ಮ್ಯಾಲಿದ್ದ ಮೆನು ಎಡಕ್ಕ ಬಂದೈತಿ.”

“ಹೌದು, ಅದೂ ಬದಲಾಗಿದೆ.”

“ಇದಕ್ಕ ರಾತ್ರಿಯೆಲ್ಲ ಬೇಕಾತಾ? ಮೊದಲಿನಂಗ ಮ್ಯಾಲೇ ಇಡು.”

ಹಳೇ ಬ್ಯಾಕಪ್ ಹಾಕಬೇಕಾದರೆ ಅದು ತೆಗೆದ ವರ್ಷನ್ನೇ ಮತ್ತೆ ಹಾಕಬೇಕು, ಮೆನು ಒಂದನ್ನು ಮಾತ್ರ ವಾಪಸ್ ತರಲು ಆಗುವುದಿಲ್ಲ ಅಂತ ವಿವರಿಸಿದೆ. ಅಳಿಯರನ್ನು ಕೇಳುತ್ತೇನೆ ಅಂದು ಹೋದರು.

ಬ್ಯಾಟರಿ ಇನ್ನೂ ವಾಪಸ್ ಬಂದಿಲ್ಲ. ಚಿಕ್ಕ ಮಗಳಿಗೂ ಗಂಡು ನೋಡುತ್ತಿದ್ದಾರಂತೆ. ನಾನು ದೊಡ್ಡ ಡಿಸ್ಕಿಗೆ ಕೊಟೇಶನ್ ತರಿಸಿದ್ದೇನೆ.